ಗುರಿಚುಕ್ಕೆಯಿಲ್ಲದ ಬಿಲ್ಲು: ‘ಕಿಂಗ್‌ಡಮ್ ಕಮ್’ ಆಟದಲ್ಲಿ ಬಿಲ್ವಿದ್ಯೆ ಕಲಿಯುವ ಬಗೆ

‘ಕಿಂಗ್‌ಡಮ್ ಕಮ್: ಡೆಲಿವರೆನ್ಸ್’ ಎಂಬ ಕಂಪ್ಯೂಟರ್ ಆಟವನ್ನು ಕೊಂಡವರಲ್ಲಿ ಹೆಚ್ಚಿನವರು ಕತ್ತಿವರಸೆಯನ್ನು ಹೇಗೋ ಒಗ್ಗಿಸಿಕೊಳ್ಳುತ್ತಾರೆ. ಬಿಲ್ಲನ್ನು ಮಾತ್ರ ಎರಡು ದಿನ ಹಿಡಿದು, ಹತ್ತು ಹೆಜ್ಜೆ ಆಚೆ ಕೂತ ಮೊಲಕ್ಕೂ ಬಾಣ ತಾಗದಿರುವುದನ್ನು ಕಂಡು ಬೇಸತ್ತು, ಪೆಟ್ಟಿಗೆಯೊಳಗೆ ಹಾಕಿ ಮರೆತುಬಿಡುತ್ತಾರೆ. ನಾನೂ ಹಾಗೆಯೇ ಮರೆತವನು. ಮೂಡಿಗೆರೆ ಸೀಮೆಯ ಮಳೆಗಾಲದಲ್ಲಿ ತೋಟದ ಕೆಲಸ ನಿಂತು, ಮಧ್ಯಾಹ್ನವೇ ಸಂಜೆಯಂತೆ ಕವಿದುಕೊಂಡು ಮನೆಯೊಳಗೆ ಕೂರಬೇಕಾಗಿ ಬಂದಾಗ ಬಿಲ್ಲನ್ನು ಮತ್ತೆ ಹೊರತೆಗೆದೆ. ಆ ಮಳೆಗಾಲ ಮುಗಿಯುವ ಹೊತ್ತಿಗೆ ತಿಳಿದುಕೊಂಡದ್ದನ್ನು, ಈಗಷ್ಟೇ ಆಟ ಶುರುಮಾಡಿದವರಿಗೆ ನೆರವಾಗಲೆಂದು ಇಲ್ಲಿ ಬರೆಯುತ್ತಿದ್ದೇನೆ.

ಆಟದ ಪರಿಚಯವಿಲ್ಲದವರಿಗೆ ಎರಡು ಮಾತು. ಪ್ರಾಗ್ ನಗರದ ವಾರ್‌ಹಾರ್ಸ್ ಸ್ಟುಡಿಯೋಸ್ ಇದನ್ನು 2018ರ ಫೆಬ್ರವರಿಯಲ್ಲಿ ಬಿಡುಗಡೆ ಮಾಡಿತು. ಕಥೆ ನಡೆಯುವುದು 1403ರ ಬೊಹೀಮಿಯಾದಲ್ಲಿ, ಅಂದರೆ ಇಂದಿನ ಚೆಕ್ ದೇಶದಲ್ಲಿ. ನಾಯಕನಾದ ಹೆನ್ರಿ ಒಬ್ಬ ಕಮ್ಮಾರನ ಮಗ. ಇದರಲ್ಲಿ ಮಾಟಮಂತ್ರವಿಲ್ಲ, ರಾಕ್ಷಸರಿಲ್ಲ. ಕಥೆಯ ಮೊದಲಿನಲ್ಲಿ ಹೆನ್ರಿಗೆ ಓದಲೂ ಬಾರದು, ಬಿಲ್ಲು ಹಿಡಿಯಲೂ ಬಾರದು, ಮತ್ತು ಈ ಬಾರದಿರುವಿಕೆಯನ್ನು ಆಟ ನಿಮ್ಮ ಕೈಗೂ ದಾಟಿಸುತ್ತದೆ. ಉಳಿದ ಆಟಗಳಲ್ಲಿ ಬಿಲ್ಲನ್ನು ಎಳೆದಾಗ ಪರದೆಯ ನಡುವೆ ಗುರಿಚುಕ್ಕೆಯೊಂದು ಮೂಡಿದರೆ, ಇಲ್ಲಿ ಮೊದಲೇ ಇದ್ದ ಸಣ್ಣ ಚುಕ್ಕೆಯೂ ಬಿಲ್ಲನ್ನು ಎಳೆದೊಡನೆ ಮಾಯವಾಗುತ್ತದೆ. ಕಣ್ಣೆದುರಿಗೆ ಉಳಿಯುವುದು ನಡುಗುವ ಕೈ, ಓರೆಯಾದ ಬಿಲ್ಲು, ಬಾಣದ ಮೊನೆ ಇಷ್ಟೇ.

ಕೈ ನಡುಗುವುದು ಏಕೆ

ಹೆನ್ರಿಯ ಕೈ ನಡುಗುವುದನ್ನು ಆಟದ ದೋಷವೆಂದು ಬೈಯುವ ಮೊದಲು ಯುದ್ಧಕ್ಕೆ ಬಳಸುತ್ತಿದ್ದ ನಿಜವಾದ ಬಿಲ್ಲಿನ ಬಿಗಿ ಎಷ್ಟೆಂದು ತಿಳಿಯಬೇಕು. 1545ರಲ್ಲಿ ಮುಳುಗಿ 1982ರಲ್ಲಿ ಮೇಲೆತ್ತಲಾದ ಇಂಗ್ಲೆಂಡಿನ ‘ಮೇರಿ ರೋಸ್’ ಹಡಗಿನಲ್ಲಿ ನೂರಕ್ಕೂ ಹೆಚ್ಚು ಉದ್ದಬಿಲ್ಲುಗಳು ದೊರೆತವು. ಅವುಗಳ ಹೆದೆಯನ್ನು ಪೂರ್ತಿ ಸೆಳೆಯಲು 100ರಿಂದ 185 ಪೌಂಡುಗಳಷ್ಟು, ಅಂದರೆ ಸುಮಾರು 45ರಿಂದ 84 ಕಿಲೋಗಳಷ್ಟು ಬಲ ಬೇಕಾಗುತ್ತಿತ್ತೆಂದು ತಜ್ಞರು ಅಂದಾಜಿಸಿದ್ದಾರೆ. ನಮ್ಮ ಕಡೆಯವರಿಗೆ ಇದನ್ನು ವಿವರಿಸುವುದು ಸುಲಭ: 50 ಕಿಲೋ ಕಾಫಿಬೀಜದ ಚೀಲವೊಂದನ್ನು ಬೆರಳುಗಳ ತುದಿಯಲ್ಲಿ ಎತ್ತಿಹಿಡಿದು, ಕೈ ಅಲುಗದಂತೆ ನಿಂತು, ಎದುರಿನ ಮರದ ಒಂದು ಎಲೆಯನ್ನು ದಿಟ್ಟಿಸಿ ನೋಡಿದರೆ ಹೇಗಿರುತ್ತದೆಯೋ ಹಾಗೆ. ಬೇಟೆಯ ಬಿಲ್ಲು ಇದಕ್ಕಿಂತ ಹಗುರವಾದದ್ದೇ. ಆದರೂ ಹೊಸಬನ ತೋಳು ಕ್ಷಣಮಾತ್ರದಲ್ಲಿ ಸೋಲುತ್ತದೆ.

ಆಟದಲ್ಲಿ ಈ ಸೋಲು ಸ್ಟ್ಯಾಮಿನಾದ, ಅಂದರೆ ದಣಿವು ತಾಳುವ ಕಸುವಿನ, ರೂಪದಲ್ಲಿ ಕಾಣಿಸುತ್ತದೆ. ಹೆದೆಯನ್ನು ಎಳೆದು ಹಿಡಿದಷ್ಟು ಹೊತ್ತೂ ಸ್ಟ್ಯಾಮಿನಾ ಇಳಿಯುತ್ತಿರುತ್ತದೆ, ನಡುಕ ಹೆಚ್ಚುತ್ತಿರುತ್ತದೆ. ಪ್ರತಿ ಬಿಲ್ಲಿಗೂ ಇಷ್ಟು ಶಕ್ತಿ, ಇಷ್ಟು ಚುರುಕು ಬೇಕೆಂಬ ನಿಗದಿಯಿದ್ದು, ಅದನ್ನು ಮುಟ್ಟದವನ ಕೈಯಲ್ಲಿ ಒಳ್ಳೆಯ ಬಿಲ್ಲೂ ಕೆಟ್ಟ ಬಿಲ್ಲಾಗುತ್ತದೆ. ಹೀಗಾಗಿ ಸಂತೆಯಲ್ಲಿ ದುಬಾರಿ ಬಿಲ್ಲನ್ನು ಕಂಡೊಡನೆ ಇರುವ ಗ್ರೋಷನ್ ನಾಣ್ಯಗಳನ್ನೆಲ್ಲ ಸುರಿದು ಕೊಳ್ಳುವುದು ಹೊಸಬರು ಮಾಡುವ ಮೊದಲ ತಪ್ಪು. ಅಗ್ಗದ, ಹಗುರವಾದ ಬಿಲ್ಲಿನಿಂದಲೇ ಆರಂಭಿಸಿ. ಬಿಲ್ಲಿನ ಸ್ಕಿಲ್ ಏರುವುದು ಬಾಣ ತಾಗಿದಾಗಲೇ ಹೊರತು ಬಿಲ್ಲಿನ ಬೆಲೆಯಿಂದಲ್ಲ. ಈ ಸ್ಕಿಲ್‌ನ ತುದಿ 20ನೆಯ ಲೆವೆಲ್. ಆದರೆ ಮೊದಲ ಐದಾರು ಲೆವೆಲ್‌ಗಳಲ್ಲೇ ನಡುಕ ಎಷ್ಟು ಇಳಿಯುತ್ತದೆಂದರೆ, ಅಲ್ಲಿಯವರೆಗೆ ತಾಳ್ಮೆಯಿಂದ ದಾಟಿದವರು ಮತ್ತೆ ಬಿಲ್ಲನ್ನು ಪೆಟ್ಟಿಗೆಗೆ ಹಾಕಿದ್ದನ್ನು ನಾನು ಕಂಡಿಲ್ಲ.

ಮುಂಗೈಗೆ ತೋಳುಪಟ್ಟಿಯನ್ನೋ ದಪ್ಪನೆಯ ಅಂಗಿಯನ್ನೋ ತೊಡಿಸಲು ಮರೆಯಬೇಡಿ. ಬರಿಗೈಯಲ್ಲಿ ಬಾಣ ಬಿಟ್ಟರೆ ಹೆದೆ ಮುಂಗೈಗೆ ಬಡಿದು ಹೆನ್ರಿಗೇ ಗಾಯವಾಗುತ್ತದೆ. ಮುಖ ಮುಚ್ಚುವ ಶಿರಸ್ತ್ರಾಣವನ್ನು ಮಾತ್ರ ತೆಗೆದಿಡಿ. ಅದರ ಸೀಳಿನಿಂದ ನೋಡುತ್ತಾ ಗುರಿ ಹಿಡಿಯುವುದು ಬಾಗಿಲ ಸಂದಿಯಿಂದ ಅಂಗಳ ನೋಡಿದಂತೆ.

ಪರದೆ, ಮೌಸ್ ಮತ್ತು ಒಂದು ಸ್ಟಿಕ್ಕರ್ ಬೊಟ್ಟು

ಹೆನ್ರಿಯ ಕೈಯನ್ನು ಪಳಗಿಸುವ ಮೊದಲು ನಿಮ್ಮ ಯಂತ್ರವನ್ನು ಪಳಗಿಸಿ. ಈ ಆಟ ಭಾರವಾದದ್ದು; ಹಳೆಯ ಲ್ಯಾಪ್‌ಟಾಪಿನಲ್ಲಿ ಕಾಡಿನ ದೃಶ್ಯ ಬಂದಾಗ ಫ್ರೇಮ್ ರೇಟ್ ಕುಸಿಯುತ್ತದೆ. ಸೆಕೆಂಡಿಗೆ 60 ಚಿತ್ರಗಳು ಮೂಡುವಾಗ ಒಂದು ಚಿತ್ರಕ್ಕೂ ಇನ್ನೊಂದಕ್ಕೂ ನಡುವೆ ಸುಮಾರು 17 ಮಿಲಿಸೆಕೆಂಡು ಅಂತರವಿದ್ದರೆ, 30 ಚಿತ್ರಗಳಿಗೆ ಇಳಿದಾಗ ಅದು 33ಕ್ಕೆ ಏರುತ್ತದೆ. ಕತ್ತಿಕಾಳಗದಲ್ಲಿ ಇದನ್ನು ಸಹಿಸಬಹುದು, ಆದರೆ ನಡುಗುವ ಬಿಲ್ಲು ಗುರಿಯ ಮೇಲೆ ಹಾದುಹೋಗುವ ಆ ಒಂದು ಗಳಿಗೆಯಲ್ಲಿ ಬೆರಳು ಬಿಡಬೇಕಾದವನಿಗೆ ಇದು ದೊಡ್ಡ ಅಂತರವೇ. ನೆರಳು ಮತ್ತು ಮರಗಿಡಗಳ ವಿವರದ ಮಟ್ಟವನ್ನು ಇಳಿಸಿ, ಫ್ರೇಮ್ ರೇಟ್ ಒಂದೇ ಸಮನಾಗಿರುವಂತೆ ನೋಡಿಕೊಳ್ಳಿ. ಒಮ್ಮೆ ಏರಿ ಒಮ್ಮೆ ಇಳಿಯುವ 60ಕ್ಕಿಂತ ಅಲುಗದ 40 ಮೇಲು. ಮೌಸ್‌ನ ಸೆನ್ಸಿಟಿವಿಟಿಯನ್ನು ತಗ್ಗಿಸಿ, ಆಕ್ಸಿಲರೇಷನ್ ಇದ್ದರೆ ಅದನ್ನು ನಿಲ್ಲಿಸಿ. ಕೈ ಒಂದು ಅಂಗುಲ ಸರಿದರೆ ನೋಟ ಪ್ರತಿಬಾರಿಯೂ ಅಷ್ಟೇ ಸರಿಯಬೇಕು. ಕೈಯ ವೇಗಕ್ಕೆ ತಕ್ಕಂತೆ ಅದು ಬದಲಾಗುತ್ತಿದ್ದರೆ ಕೈಗೆ ಪಾಠವೇ ಹತ್ತುವುದಿಲ್ಲ.

ಇನ್ನು ಸ್ಟಿಕ್ಕರ್ ಬೊಟ್ಟಿನ ವಿಷಯ. ಬಿಲ್ಲನ್ನು ಎಳೆಯದೆ ಸುಮ್ಮನೆ ನಿಂತಾಗ ಪರದೆಯ ನಡುವೆ ಕಾಣುವ ಚುಕ್ಕೆಯ ಮೇಲೆ, ಹಣೆಗೆ ಹಚ್ಚುವ ಅತಿ ಸಣ್ಣ ಕಪ್ಪು ಬೊಟ್ಟೊಂದನ್ನು ಅಂಟಿಸುವುದು ಬಹಳ ಜನ ಅನುಸರಿಸುವ ಉಪಾಯ. ಹೀಗೆ ಮಾಡಿದರೆ ಹೆದೆ ಎಳೆದಾಗ ಆಟದ ಚುಕ್ಕೆ ಮಾಯವಾದರೂ ಅಂಟಿಸಿದ ಬೊಟ್ಟು ಉಳಿಯುತ್ತದೆ, ಮತ್ತು ಹತ್ತಿರದ ಗುರಿಗೆ ಬಿಟ್ಟ ಬಾಣ ಅದರ ಆಸುಪಾಸಿನಲ್ಲೇ ಹೋಗಿ ನಾಟುತ್ತದೆ. ಇದನ್ನು ಮೋಸವೆನ್ನುವವರಿದ್ದಾರೆ. ನನ್ನ ಮಟ್ಟಿಗೆ ಇದು ಸೈಕಲ್ ಕಲಿಯುವವನನ್ನು ಹಿಂದಿನಿಂದ ಹಿಡಿದುಕೊಳ್ಳುವ ಕೈಯಂತೆ. ಮೊದಲ ಕೆಲವು ದಿನ ಇರಲಿ, ಆಮೇಲೆ ತಿಳಿಯದಂತೆ ಬಿಟ್ಟುಬಿಡಬೇಕು. ಬೊಟ್ಟನ್ನು ನೇರವಾಗಿ ಪರದೆಗೆ ಅಂಟಿಸಬೇಡಿ. ತೆಳುವಾದ ಪಾರದರ್ಶಕ ಪ್ಲಾಸ್ಟಿಕ್ ಹಾಳೆಗೆ ಅಂಟಿಸಿ, ಆ ಹಾಳೆಯನ್ನು ಪರದೆಯ ಅಂಚಿಗೆ ಸಿಕ್ಕಿಸಿ. ಗೋಂದಿನ ಕಲೆಯನ್ನು ಪರದೆಯಿಂದ ಉಜ್ಜಿ ತೆಗೆಯಲು ಹೋಗಿ ಗೀರು ಬಿದ್ದ ಮಾನಿಟರ್ ನಮ್ಮ ಮನೆಯಲ್ಲಿದೆ.

ಒಂದು ಬಿಲ್ಲು, ಒಂದು ಬಗೆಯ ಬಾಣ, ಒಂದು ದೂರ

ಹೆನ್ರಿ ರಟ್ಟಾಯ್ ಪಟ್ಟಣವನ್ನು ಸೇರಿದ ಬಳಿಕ ಕ್ಯಾಪ್ಟನ್ ಬರ್ನಾರ್ಡ್ ಅವನಿಗೆ ಆಯುಧಶಿಕ್ಷಣ ಕೊಡುತ್ತಾನೆ, ಮತ್ತು ಅಲ್ಲಿಯೇ ಯುವಪ್ರಭು ಹಾನ್ಸ್ ಕೇಪನ್ ಜತೆ ಬಾಣದ ಪಂದ್ಯವೂ ಏರ್ಪಡುತ್ತದೆ. ಈ ಪಂದ್ಯದಲ್ಲಿ ಸೋತರೆ ಕಥೆಯೇನೂ ನಿಲ್ಲುವುದಿಲ್ಲ. ಹುಟ್ಟಿದಂದಿನಿಂದ ಬಿಲ್ಲು ಹಿಡಿದ ಆ ಗರ್ವಿಷ್ಠನ ಎದುರು ಕಮ್ಮಾರನ ಮಗ ಸೋಲುವುದರಲ್ಲಿ ನಾಚಿಕೆಯೂ ಇಲ್ಲ. ಮುಖ್ಯವಾದದ್ದು ಆ ಅಭ್ಯಾಸದ ಅಂಗಳಕ್ಕೆ ನೀವು ಮರಳಿ ಮರಳಿ ಬರುವುದು. ಅಲ್ಲಿ ಗುರಿಫಲಕಗಳಿವೆ, ಬಿಟ್ಟ ಬಾಣಗಳನ್ನು ಹೋಗಿ ಆರಿಸಿಕೊಳ್ಳಬಹುದು, ಯಾರೂ ನಿಮ್ಮನ್ನು ಅಟ್ಟಿಸಿಕೊಂಡು ಬರುವುದಿಲ್ಲ.

ಅಭ್ಯಾಸದ ಕ್ರಮದಲ್ಲಿ ನಾನು ಕಲಿತ ಮೊದಲ ಪಾಠವೆಂದರೆ ದೂರವನ್ನು ಬದಲಿಸದಿರುವುದು. ಹತ್ತು ಹೆಜ್ಜೆಯಲ್ಲಿ ನಿಂತು ಹತ್ತು ಬಾಣ ಬಿಡಿ. ಅವು ಎಲ್ಲಿ ನಾಟಿದವೆಂದು ನೋಡಿ. ಎಲ್ಲವೂ ಒಂದೇ ಕಡೆಗೆ, ಎಡಕ್ಕೋ ಕೆಳಕ್ಕೋ ಗುಂಪಾಗಿ ನಾಟಿದ್ದರೆ ಸಂತೋಷಪಡಿ, ಏಕೆಂದರೆ ಅದು ನಿಮ್ಮ ಕೈ ಒಂದೇ ರೀತಿಯಲ್ಲಿ ಕೆಲಸ ಮಾಡುತ್ತಿದೆ ಎಂಬುದರ ಗುರುತು. ಗುರಿಯನ್ನು ಅಷ್ಟೇ ಎದುರು ದಿಕ್ಕಿಗೆ ಸರಿಸಿದರೆ ಸಾಕು. ಹತ್ತೂ ಬಾಣ ಹತ್ತು ದಿಕ್ಕಿಗೆ ಹರಡಿದ್ದರೆ ಮಾತ್ರ ನಿಮ್ಮ ಬಿಡುವ ಕ್ರಮದಲ್ಲಿ ತಪ್ಪಿದೆ. ನಡುವೆ ನಾಟಿದ ಒಂದು ಬಾಣವನ್ನು ಕಂಡು ಹಿಗ್ಗಬೇಡಿ. ಉಳಿದ ಒಂಬತ್ತು ಎಲ್ಲಿವೆ ಎಂಬುದನ್ನು ನೋಡಿ. ನಾನು ಇದನ್ನು ಕಾಫಿ ಕೊಯ್ಲಿನ ಹಳೆಯ ಲೆಕ್ಕದ ಪುಸ್ತಕದ ಖಾಲಿ ಹಾಳೆಗಳಲ್ಲಿ ಚುಕ್ಕೆಗಳಾಗಿ ಗುರುತಿಟ್ಟುಕೊಳ್ಳುತ್ತಿದ್ದೆ. ಮನೆಯವರು ನಕ್ಕರು, ಆದರೆ ವಾರದೊಳಗೆ ಚುಕ್ಕೆಗಳು ಒಂದೆಡೆ ಸೇರತೊಡಗಿದವು.

ಬಿಡುವ ಕ್ರಮದಲ್ಲಿ ಹೊಸಬರ ದೊಡ್ಡ ತಪ್ಪು, ಹೆದೆಯನ್ನು ಎಳೆದು ಹಿಡಿದು ನಡುಕ ನಿಲ್ಲಲೆಂದು ಕಾಯುವುದು. ಅದು ನಿಲ್ಲುವುದಿಲ್ಲ; ಕಾದಷ್ಟೂ ಹೆಚ್ಚುತ್ತದೆ. ಆದ್ದರಿಂದ ಹೆದೆ ಎಳೆಯುವ ಮೊದಲೇ ನೋಟವನ್ನು ಗುರಿಯ ಮೇಲೆ ನೆಲೆಗೊಳಿಸಿ, ನಂತರ ಎಳೆದು, ಪೂರ್ತಿ ಸೆಳೆದ ಕೂಡಲೇ ಬಿಡಬೇಕು. ಅರ್ಧ ಸೆಳೆದು ಬಿಟ್ಟ ಬಾಣಕ್ಕೆ ವೇಗವಿರುವುದಿಲ್ಲ, ಅದು ಕಾಲ ಬುಡದಲ್ಲೇ ಬೀಳುತ್ತದೆ. ನಮ್ಮ ಹಳೆಯ ಕಾವ್ಯಗಳಲ್ಲಿ ಬರುವ ‘ಆಕರ್ಣಾಂತ’ ಎಂಬ ಮಾತು, ಅಂದರೆ ಹೆದೆಯನ್ನು ಕಿವಿಯವರೆಗೆ ಸೆಳೆಯುವುದು, ಬರಿಯ ಅಲಂಕಾರವಲ್ಲವೆಂದು ಈ ಆಟ ಆಡುವಾಗ ನನಗೆ ತಿಳಿಯಿತು. ಹಳೇಬೀಡಿನ ಹೊಯ್ಸಳೇಶ್ವರ ದೇವಾಲಯದ ಹೊರಗೋಡೆಯ ಮೇಲಿರುವ ಯುದ್ಧದ ಪಟ್ಟಿಕೆಗಳ ಮುಂದೆ ಮುಂದಿನ ಸಲ ನಿಂತಾಗ ಬಿಲ್ಲುಗಾರರ ಕೈಗಳನ್ನು ಗಮನಿಸಿ: ಬಿಲ್ಲು ಹಿಡಿದ ಕೈ ಎಷ್ಟು ಚಾಚಿದೆ, ಹೆದೆಯ ಕೈ ಎಷ್ಟು ಹಿಂದಕ್ಕೆ ಬಂದಿದೆ. ಪ್ರತಿಬಾರಿಯೂ ಹೆದೆ ಅಷ್ಟೇ ದೂರ ಬರುವುದರಿಂದಲೇ ಬಾಣದ ವೇಗ ಒಂದೇ ಆಗಿರುತ್ತದೆ.

ಎರಡನೆಯ ಪಾಠವನ್ನು ನನಗೆ ಕಲಿಸಿದವನು ನನ್ನ ಚಿಕ್ಕಪ್ಪನ ಮಗ. ಚಿಕ್ಕಂದಿನಲ್ಲಿ ಸೀಬೆಮರದ ಕವೆಗೆ ಸೈಕಲ್ ಟ್ಯೂಬಿನ ರಬ್ಬರ್ ಕಟ್ಟಿ ಮಾಡಿದ ಕ್ಯಾಟರ್‌ಬಿಲ್ಲಿನಿಂದ ಮಾವಿನಕಾಯಿ ಉದುರಿಸುವುದರಲ್ಲಿ ಅವನನ್ನು ಮೀರಿಸಿದವರಿರಲಿಲ್ಲ. ಅವನು ನನ್ನ ಹಿಂದೆ ಕುರ್ಚಿ ಎಳೆದುಕೊಂಡು ಕೂತು ಸ್ವಲ್ಪ ಹೊತ್ತು ನೋಡಿ, “ಅಣ್ಣಾ, ನೀನು ಗುರಿ ನೋಡ್ತಾ ಇಲ್ಲ, ಬಾಣದ ಮೊನೆ ನೋಡ್ತಾ ಇದ್ದೀಯ” ಎಂದ. ಮಾತು ನಿಜವಾಗಿತ್ತು. ಕ್ಯಾಟರ್‌ಬಿಲ್ಲಿಗೂ ಗುರಿಚುಕ್ಕೆ ಇರಲಿಲ್ಲ. ಕಣ್ಣು ಕಾಯಿಯ ತೊಟ್ಟಿನ ಮೇಲೆ ನೆಟ್ಟಿರುತ್ತಿತ್ತು, ಕೈ ತಾನಾಗಿ ಹೊಂದಿಕೊಳ್ಳುತ್ತಿತ್ತು. ಆಟದಲ್ಲಿಯೂ ಗುರಿಫಲಕವನ್ನು ಇಡಿಯಾಗಿ ನೋಡದೆ ಅದರಲ್ಲಿ ಒಂದು ಬಿರುಕನ್ನೋ ಕಲೆಯನ್ನೋ ಆರಿಸಿಕೊಂಡು ಅದನ್ನೇ ದಿಟ್ಟಿಸಿ. ಬಾಣದ ಮೊನೆ ಮತ್ತು ಬಿಲ್ಲು ಹಿಡಿದ ಕೈಯ ಗೆಣ್ಣು ಕಣ್ಣಂಚಿನಲ್ಲಿ ಮಸುಕಾಗಿ ಕಂಡರೆ ಸಾಕು. ನಡುಕದಿಂದಾಗಿ ನೋಟ ಗುರಿಯ ಸುತ್ತ ಸುತ್ತುತ್ತಿರುವಾಗ ಅದನ್ನು ಮೌಸ್‌ನಿಂದ ಎಳೆದು ತರಲು ಹೋರಾಡಬೇಡಿ, ಹೋರಾಡಿದರೆ ಎರಡು ನಡುಕಗಳಾಗುತ್ತವೆ.

ದೂರ ಹೆಚ್ಚಿದಂತೆ

ಹತ್ತು ಹೆಜ್ಜೆಯಲ್ಲಿ ಬಾಣಗಳು ಒಂದೆಡೆ ಸೇರತೊಡಗಿದ ಮೇಲೆ ಇಪ್ಪತ್ತಕ್ಕೆ ಹೋಗಿ, ಆಮೇಲೆ ಮೂವತ್ತಕ್ಕೆ. ಇಲ್ಲಿ ಸ್ವಲ್ಪ ಲೆಕ್ಕ ತಿಳಿದಿದ್ದರೆ ಅನುಕೂಲ. ಸೆಕೆಂಡಿಗೆ 50 ಮೀಟರ್ ವೇಗದ ಬಾಣ 20 ಮೀಟರ್ ದೂರವನ್ನು 0.4 ಸೆಕೆಂಡಿನಲ್ಲಿ ದಾಟುತ್ತದೆ. ಅಷ್ಟರಲ್ಲಿ ಅದು ಹೊರಟ ನೇರಕ್ಕಿಂತ ಸುಮಾರು 78 ಸೆಂಟಿಮೀಟರ್ ಕೆಳಗಿಳಿದಿರುತ್ತದೆ. ದೂರ 40 ಮೀಟರ್ ಆದಾಗ ಇಳಿತ ಎರಡು ಪಟ್ಟಾಗುವುದಿಲ್ಲ, ನಾಲ್ಕು ಪಟ್ಟಾಗಿ ಮೂರು ಮೀಟರನ್ನು ಮೀರುತ್ತದೆ. ಆಟದ ಒಂದೊಂದು ಬಿಲ್ಲಿನ ವೇಗ ಬೇರೆಬೇರೆಯಾದ್ದರಿಂದ ಈ ಅಂಕಿಗಳನ್ನೇ ನೆಚ್ಚಬೇಕಿಲ್ಲ. ಆದರೆ ಹತ್ತಿರದಲ್ಲಿ ಲೆಕ್ಕಕ್ಕೇ ಬಾರದಿದ್ದ ಇಳಿತ ಸ್ವಲ್ಪ ದೂರ ಹೋದೊಡನೆ ಹೇಗೆ ಏಕಾಏಕಿ ಬೆಳೆಯುತ್ತದೆಂಬುದು ಇದರಿಂದ ತಿಳಿಯುತ್ತದೆ. ಬೊಟ್ಟನ್ನು ಜಿಂಕೆಯ ಎದೆಗೆ ಇಟ್ಟು ಬಿಟ್ಟ ಬಾಣ ಅದರ ಕಾಲಡಿಯ ಹುಲ್ಲಿನಲ್ಲಿ ಬೀಳುವುದು ಇದೇ ಕಾರಣಕ್ಕೆ.

ಬಿಲ್ಲನ್ನು ಬದಲಾಯಿಸಿದರೆ ಈ ಅಂದಾಜೆಲ್ಲ ಕೆಡುತ್ತದೆ. ಒಂದೇ ಬಿಲ್ಲು, ಒಂದೇ ಬಗೆಯ ಬಾಣ ಎಂದು ಮೇಲೆ ಹೇಳಿದ್ದು ಇದಕ್ಕಾಗಿ. ಹೊಸ ಬಿಲ್ಲು ಕೈಗೆ ಬಂದ ದಿನ ನೇರವಾಗಿ ಕಾಳಗಕ್ಕೆ ಒಯ್ಯದೆ, ಮೊದಲು ಅಂಗಳಕ್ಕೆ ಒಯ್ದು ಮೂರೂ ದೂರಗಳಲ್ಲಿ ಪರೀಕ್ಷಿಸಿ.

ಏರು ತಗ್ಗುಗಳ ವಿಷಯದಲ್ಲಿ ಮಲೆನಾಡಿನವರೂ ಮೋಸಹೋಗುತ್ತಾರೆ. ಗುಡ್ಡದ ಮೇಲಿನಿಂದ ಕೆಳಕ್ಕೆ ಬಿಡುವಾಗಲೂ ಕೆಳಗಿನಿಂದ ಮೇಲಕ್ಕೆ ಬಿಡುವಾಗಲೂ ಬಾಣದ ಇಳಿತವನ್ನು ನಿರ್ಧರಿಸುವುದು ಕಣ್ಣಿಗೆ ಕಾಣುವ ಓರೆ ದೂರವಲ್ಲ, ನೆಲಕ್ಕೆ ಸಮಾನಾಂತರವಾದ ದೂರ. ಅದು ಯಾವಾಗಲೂ ಕಡಿಮೆ. ಹಾಗಾಗಿ ಎರಡೂ ಸಂದರ್ಭಗಳಲ್ಲಿ, ಸಮತಟ್ಟಿನಲ್ಲಿ ಹಿಡಿಯುವುದಕ್ಕಿಂತ ಗುರಿಯನ್ನು ತುಸು ಕೆಳಗೆ ಹಿಡಿಯಬೇಕು.

ಬೇಟೆ

ಹಾನ್ಸ್ ಕೇಪನ್ ಜತೆಗಿನ ಬೇಟೆಯ ಪ್ರಸಂಗದಲ್ಲಿ ಇಬ್ಬರ ನಡುವೆ ಮೊಲ ಹೊಡೆಯುವ ಸ್ಪರ್ಧೆಯಿದೆ. ಬಿಲ್ಲು ಕಲಿಯುವವರಿಗೆ ಇದಕ್ಕಿಂತ ಒಳ್ಳೆಯ ಪಾಠಶಾಲೆ ಇಲ್ಲ. ಓಡುವ ಮೊಲಕ್ಕೆ ಬಾಣ ಬಿಡುವುದು ಬಾಣ ಕಳೆದುಕೊಳ್ಳುವ ದಾರಿ. ಹಿಂದೆ ನಮ್ಮ ಕಡೆಯ ಷಿಕಾರಿಯವರು ಮರಸು ಕೂರುತ್ತಿದ್ದರು, ಅಂದರೆ ಪ್ರಾಣಿ ಬರುವ ದಾರಿಯಲ್ಲಿ ಮರೆಯಾಗಿ ಕೂತು ಉಸಿರು ಬಿಗಿಹಿಡಿದು ಕಾಯುತ್ತಿದ್ದರು. ಆಟದಲ್ಲಿಯೂ ಅದೇ ಕ್ರಮ. ಸದ್ದು ಮಾಡುವ ಲೋಹದ ಕವಚವನ್ನೆಲ್ಲ ಕುದುರೆಯ ಮೇಲಿನ ಚೀಲಕ್ಕೆ ಹಾಕಿ, ಗಾಢ ಬಣ್ಣದ ಹಗುರವಾದ ಬಟ್ಟೆ ತೊಟ್ಟು, ಕುದುರೆಯನ್ನು ದೂರದಲ್ಲೇ ಬಿಟ್ಟು, ಬಗ್ಗಿಕೊಂಡು ನಡೆಯಿರಿ. ಮೇಯುತ್ತಿರುವ ಪ್ರಾಣಿ ತಲೆಯೆತ್ತಿದರೆ ನಿಲ್ಲಿ. ತಲೆ ತಗ್ಗಿಸಿದಾಗ ಮುಂದುವರಿಯಿರಿ. ನಡೆಯುತ್ತಿರುವ ಜಿಂಕೆಗೆ ಬಾಣ ಬಿಡಲೇಬೇಕಾದರೆ, ಅದು ಸೆಕೆಂಡಿಗೆ ಒಂದೂವರೆ ಮೀಟರ್ ಸರಿಯುತ್ತಿದೆಯೆಂದು ಇಟ್ಟುಕೊಳ್ಳಿ, ಮೇಲಿನ 0.4 ಸೆಕೆಂಡಿನ ಲೆಕ್ಕದಂತೆ ಬಾಣ ತಲುಪುವಷ್ಟರಲ್ಲಿ ಅದು 60 ಸೆಂಟಿಮೀಟರ್ ಮುಂದಿರುತ್ತದೆ. ಎದೆಗೆ ತಾಗಬೇಕಾದರೆ ಮೂತಿಯ ಮುಂದಕ್ಕೆ ಗುರಿಯಿಡಬೇಕೆಂಬುದು ಇದರ ಅರ್ಥ.

ಬೊಹೀಮಿಯಾದ ಕಾಡಿನ ಬೇಟೆ ಪ್ರಭುಗಳ ಹಕ್ಕು. ಹೆನ್ರಿ ಕದ್ದು ಬೇಟೆಯಾಡಿದರೆ ಮಾಂಸಕ್ಕೆ ಕಳವಿನ ಗುರುತು ಬೀಳುತ್ತದೆ, ಸಿಕ್ಕಿಬಿದ್ದರೆ ದಂಡವೋ ಸೆರೆಯೋ ಕಾದಿರುತ್ತದೆ. 1972ರ ವನ್ಯಜೀವಿ ಕಾಯಿದೆಯ ನಂತರ ನಮ್ಮ ಕಡೆಯೂ ಷಿಕಾರಿ ಎಂಬುದು ಅಜ್ಜಂದಿರ ಮಾತಿನಲ್ಲಷ್ಟೇ ಉಳಿಯಬೇಕಾದ ಸಂಗತಿ, ಹಾಗೆಯೇ ಉಳಿಯಲಿ.

ಮನುಷ್ಯರ ಎದುರು

ದರೋಡೆಕೋರರ ಮೇಲೆ ಬಿಲ್ಲು ಬಳಸುವಾಗ ಒಂದು ಅಥವಾ ಎರಡು ಬಾಣಗಳಿಗಷ್ಟೇ ಸಮಯವಿದೆ ಎಂದು ತಿಳಿಯಿರಿ. ಅವರು ಓಡಿಬಂದು ಮೇಲೆ ಬಿದ್ದಾಗ ಬಿಲ್ಲಿನಿಂದ ಏಟು ತಡೆಯಲಾಗದು. ಅಷ್ಟರೊಳಗೆ ಕತ್ತಿ ಕೈಗೆ ಬಂದಿರಬೇಕು. ಲೋಹದ ಕವಚದ ಮೇಲೆ ಸಾಧಾರಣ ಬಾಣ ವ್ಯರ್ಥ. ಶಿರಸ್ತ್ರಾಣವಿಲ್ಲದ ತಲೆಯನ್ನೋ ಮುಚ್ಚದ ಮುಖವನ್ನೋ ಕವಚವಿಲ್ಲದ ಕಾಲನ್ನೋ ಹುಡುಕಿ, ಮತ್ತು ಗುಂಪಿನಲ್ಲಿ ಬಿಲ್ಲು ಹಿಡಿದವನಿದ್ದರೆ ಮೊದಲು ಅವನನ್ನೇ ಬೀಳಿಸಿ. ಕುದುರೆಯ ಮೇಲಿಂದಲೂ ಬಾಣ ಬಿಡಬಹುದು, ಆದರೆ ಸ್ಕಿಲ್ ಅರ್ಧ ದಾರಿ ದಾಟುವವರೆಗೆ ಅದರ ಆಸೆ ಬೇಡ.

ಹೊಟ್ಟೆ, ನಿದ್ದೆ, ಮದ್ದು ಮತ್ತು ಕರೆಂಟು

ಹಸಿದ, ನಿದ್ದೆಗೆಟ್ಟ ಹೆನ್ರಿಯ ಸ್ಟ್ಯಾಮಿನಾ ತುಂಬುವುದೇ ಇಲ್ಲ. ಬಾಣ ತಪ್ಪುತ್ತಿದ್ದರೆ ಕೈಯನ್ನು ದೂರುವ ಮೊದಲು ಅವನು ಊಟಮಾಡಿದ್ದಾನೆಯೇ, ಮಲಗಿದ್ದಾನೆಯೇ ಎಂದು ನೋಡಿ. ಬಿಲ್ಲಿನ ಸ್ಕಿಲ್ ಅನ್ನು ಸ್ವಲ್ಪ ಹೊತ್ತು ಏರಿಸುವ ‘ಬೋಮನ್ಸ್ ಬ್ರೂ’ ಎಂಬ ಮದ್ದೂ ಇದೆ. ಪಣವಿರುವ ಪಂದ್ಯಗಳಲ್ಲಿ ಅದನ್ನು ಬಳಸಬಹುದು, ಅಭ್ಯಾಸದಲ್ಲಿ ಬೇಡ, ಏಕೆಂದರೆ ಮದ್ದು ಇಳಿದೊಡನೆ ಕೈ ಕಲಿತದ್ದು ಹೊಂದುವುದಿಲ್ಲ. ಬಿಲ್ವಿದ್ಯೆಯ ಪುಸ್ತಕಗಳನ್ನು ಓದಿಯೂ ಹೆನ್ರಿ ಕಲಿಯಬಲ್ಲ, ಆದರೆ ಅದಕ್ಕೆ ಮೊದಲು ಉಜಿಟ್ಜ್ ಊರಿನ ಲಿಪಿಕಾರನ ಬಳಿ ಅಕ್ಷರ ಕಲಿಯಬೇಕು.

ಈ ಆಟದಲ್ಲಿ ಬೇಕೆಂದಾಗಲೆಲ್ಲ ಸೇವ್ ಮಾಡಲಾಗದು. ‘ಸೇವಿಯರ್ ಶ್ನಾಪ್ಸ್’ ಎಂಬ ಮದ್ಯವನ್ನು ಕುಡಿಯಬೇಕು, ಇಲ್ಲವೇ ಹೆನ್ರಿಯ ಸ್ವಂತ ಹಾಸಿಗೆಯಲ್ಲಿ ಮಲಗಬೇಕು, ಇಲ್ಲವೇ ಆಟ ಮುಚ್ಚುವಾಗ ಸೇವ್ ಮಾಡಿ ಹೊರಬರುವ ಆಯ್ಕೆಯನ್ನು ಬಳಸಬೇಕು. ಆಷಾಢದ ಗಾಳಿಗೆ ಮರ ಬಿದ್ದು ಕರೆಂಟು ಹೋದರೆ ಮೂರು ಗಂಟೆಗಳ ಅಭ್ಯಾಸ ಒಂದೇ ಕ್ಷಣದಲ್ಲಿ ನೀರುಪಾಲಾಗುತ್ತದೆ, ಯುಪಿಎಸ್ ಇಲ್ಲದ ನನಗೆ ಹಾಗೆ ಎರಡು ಬಾರಿ ಆಯಿತು. ಅಂಗಳಕ್ಕೆ ಇಳಿಯುವ ಮೊದಲು, ಗಂಟೆಗೊಮ್ಮೆಯಾದರೂ, ರಟ್ಟಾಯ್‌ನ ಹಾಸಿಗೆಗೆ ಹೋಗಿ ಬರುವುದು ನಮ್ಮಂಥ ಊರಿನವರಿಗೆ ಕಡ್ಡಾಯ.

ಬೊಟ್ಟನ್ನು ತೆಗೆಯುವ ದಿನ

ಇಪ್ಪತ್ತು ಹೆಜ್ಜೆಯಲ್ಲಿ ಹತ್ತರಲ್ಲಿ ಏಳು ಬಾಣಗಳು ಫಲಕದ ನಡುವಿನ ಉಂಗುರದೊಳಗೆ, ಮೂರು ದಿನ ಸತತವಾಗಿ ನಾಟಿದರೆ ಬೊಟ್ಟಿನ ಹಾಳೆಯನ್ನು ತೆಗೆದುಬಿಡಿ. ಮೊದಲ ದಿನ ಎಲ್ಲವೂ ತಪ್ಪುತ್ತದೆ. ಆಗ ಹಾಳೆಯನ್ನು ಮರಳಿ ಸಿಕ್ಕಿಸದೆ, ಮತ್ತೆ ಹತ್ತು ಹೆಜ್ಜೆಗೆ ಬನ್ನಿ. ಅಲ್ಲಿ ಸರಿಹೋದ ಮೇಲೆ ಹದಿನೈದಕ್ಕೆ, ಆಮೇಲೆ ಇಪ್ಪತ್ತಕ್ಕೆ ಹಿಂದೆ ಸರಿಯಿರಿ. ನನಗೆ ಈ ಮರುಪ್ರಯಾಣಕ್ಕೆ ನಾಲ್ಕು ಸಂಜೆಗಳು ಹಿಡಿದವು. ಐದನೆಯ ಸಂಜೆ ಹಾನ್ಸ್ ಕೇಪನ್‌ನನ್ನು ಸೋಲಿಸಲು ಆ ಪಂದ್ಯಕ್ಕೂ ಮೊದಲಿನ ಒಂದು ಹಳೆಯ ಸೇವ್ ಅನ್ನು ತೆರೆದೆ. ಅದರಲ್ಲಿ ಹೆನ್ರಿಯ ಸ್ಕಿಲ್ ಸೊನ್ನೆಯಾಗಿತ್ತು, ಅವನ ಕೈ ಮೊದಲಿನಂತೆಯೇ ನಡುಗುತ್ತಿತ್ತು, ಆದರೂ ಆರು ಬಾಣಗಳಲ್ಲಿ ನಾಲ್ಕು ಫಲಕದಲ್ಲಿ ನಾಟಿದವು.